ಪ್ಲಾಟಿನಂ ಕಡ್ಡಿ

ಕಡಲದಂಡೆಯ ಪ್ರಯೋಗಾಲಯವೊಂದರಲ್ಲಿ ಐರಿನ್ ಲೋಬೊ ಎಂಬ ಗುರು ಇದ್ದರು. ಸುಗಂಧಿ ಅವರ ಕೊನೆಯ ಶಿಷ್ಯೆ.

ಸಮುದ್ರದ ನೀರನ್ನು ಒಡೆದು ಹೈಡ್ರೋಜನ್ ತೆಗೆಯಬೇಕು, ಅದೂ ಅಗ್ಗದ ಲೋಹದಿಂದ. ಅದಕ್ಕಾಗಿ ಸುಗಂಧಿ ಇಂಗಾಲದ ಹಾಳೆಯ ಮೇಲೆ ನಿಕ್ಕಲ್ ಪರಮಾಣುಗಳನ್ನು ಬಿಡಿಬಿಡಿಯಾಗಿ ಕೂರಿಸುತ್ತಿದ್ದಳು. ಅವು ಒಂದಕ್ಕೊಂದು ಅಂಟಿ ಗುಂಪಾಗುತ್ತಿದ್ದವು. ಗುಂಪಾಗದೆ ಉಳಿದವನ್ನು ಉಪ್ಪುನೀರು ತಿಂದುಹಾಕುತ್ತಿತ್ತು. ಹೀಗೇ ವರ್ಷಗಳು ಹೋದವು.

ಒಂದು ಬೆಳಿಗ್ಗೆ ಹಾಳೆಯಿಂದ ಗುಳ್ಳೆಗಳು ಎದ್ದವು. ಸಂಜೆಯಾದರೂ ನಿಲ್ಲಲಿಲ್ಲ. ಹೆಚ್ಚುತ್ತಲೇ ಹೋದವು.

ಸುಗಂಧಿ ಓಡಿಹೋಗಿ ಗುರುವನ್ನು ಕರೆತಂದಳು. "ನೋಡಿ ಮೇಡಂ, ನಿಕ್ಕಲ್ ಗೆದ್ದಿತು!"

ಐರಿನ್ ಬಹಳ ಹೊತ್ತು ನೋಡಿದರು. "ಹೊತ್ತು ಹೋದಂತೆ ಸೊರಗಬೇಕಾದದ್ದು ಹೆಚ್ಚುತ್ತಿದೆಯಲ್ಲ. ಎದುರಿಗಿರುವ ಕಡ್ಡಿ ಯಾವುದು?"

"ಪ್ಲಾಟಿನಂ. ಕರೆಂಟ್ ಹರಿಯಲಿಕ್ಕೆ, ಅಷ್ಟೇ."

ಗುರು ಆ ಕಡ್ಡಿ ತೆಗೆದು ಗ್ರಾಫೈಟ್ ಕಡ್ಡಿ ಇಟ್ಟರು. ಬೇರೆ ನೀರು ಸುರಿದು, ಅದೇ ಬಗೆಯ ಹೊಸ ಹಾಳೆಯನ್ನು ಇಳಿಬಿಟ್ಟರು.

ಇಬ್ಬರೂ ಕಾದರು. ನಾಲ್ಕಾರು ಗುಳ್ಳೆ ಎದ್ದವು. ಆಮೇಲೆ ಅದೂ ಇಲ್ಲ.

ಸುಗಂಧಿಯ ಮುಖ ಬಿಳಿಚಿತು. "ಪ್ಲಾಟಿನಂ ಕರಗಿ ಬಂದು ನನ್ನ ಹಾಳೆಗೆ ಅಂಟಿಕೊಂಡಿತ್ತು."

"ಹೌದು."

"ಕೆಲಸ ಮಾಡಿದ್ದು ಅದು."

"ಹೌದು."

"ಹಾಗಾದರೆ ನನ್ನ ನಿಕ್ಕಲ್?"

"ಏನೂ ಮಾಡಲಿಲ್ಲ."

ಸುಗಂಧಿ ಮೇಜು ಹಿಡಿದು ನಿಂತಳು. "ಅಪ್ಪನಿಗೆ ಫೋನ್ ಮಾಡಿಬಿಟ್ಟೆ ಮೇಡಂ. ಇನ್ನು ಡೀಸೆಲ್ ಇಲ್ಲದೆ ದೋಣಿ ಓಡುತ್ತದೆ ಅಂತ ಬಂದರಿನಲ್ಲೆಲ್ಲ ಸಿಹಿ ಹಂಚುತ್ತಿದ್ದಾರೆ."

ಐರಿನ್ ತಲೆ ತಗ್ಗಿಸಿದರು.

"ಇದನ್ನು ನಾಳೆ ಮಾಡಬಹುದಿತ್ತು. ಒಂದು ರಾತ್ರಿಯಾದರೂ ನನಗೆ ಬಿಡಬಹುದಿತ್ತು ನೀವು."

"ನಾಳೆಗೆ ನೀನು ಅದನ್ನು ಇನ್ನಷ್ಟು ಪ್ರೀತಿಸುತ್ತಿದ್ದೆ."

ಸುಗಂಧಿ ನೆಲದ ಮೇಲೆ ಕುಸಿದು ಅತ್ತಳು. ಐರಿನ್ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಅವಳ ಪಕ್ಕ ಕುಳಿತರು. ಮುಂದಿನ ತಿಂಗಳು ಅವರಿಗೆ ನಿವೃತ್ತಿ. ಹರೆಯದಿಂದಲೂ ಇದೇ ಕೆಲಸ ಮಾಡಿದವರು. ಆ ಗುಳ್ಳೆಗಳನ್ನು ಕಂಡಾಗ ಅವರ ಎದೆಯೂ ಒಂದು ಕ್ಷಣ ಹಿಗ್ಗಿತ್ತು.

ಹೊರಗೆ ಕತ್ತಲಾಯಿತು. ದೀಪ ಹಾಕಲು ಇಬ್ಬರೂ ಏಳಲಿಲ್ಲ.

"ಇದು ಎಂದಾದರೂ ಆಗುತ್ತದಾ?" ಸುಗಂಧಿ ಕೇಳಿದಳು. "ಸಮಾಧಾನಕ್ಕೆ ಹೇಳಬೇಡಿ. ನೀವು ಗುರು. ನಿಮಗೆ ಗೊತ್ತಿರಬೇಕು."

"ಗೊತ್ತಿದ್ದರೆ ನನಗೆ ಶಿಷ್ಯೆ ಯಾಕೆ ಬೇಕಿತ್ತು, ಮಗಳೇ?"