ಹೂಂ ಅನ್ನುವ ಉಪಾಧ್ಯಕ್ಷೆ

ಮಗುವಿಗೆ ನಾಲ್ಕು ತುತ್ತು ತಿನ್ನಿಸಲೂ ಬಿಡದೆ ಮತ್ತೆ ಬಂದರು, ನಮ್ಮ ಮಹಿಳಾ ಸಂಘದ ಅಧ್ಯಕ್ಷೆ ಕಮಲಾಕ್ಷಮ್ಮ.

"ಈ ಚುನಾವಣೆಗೆ ನನ್ನ ಜೊತೆ ಉಪಾಧ್ಯಕ್ಷೆಯಾಗಿ ನೀನೇ ನಿಲ್ಲಬೇಕು ಕಣೇ. ನಾನು ಏನು ಕೇಳಿದರೂ ಹೂಂ ಅನ್ನಬೇಕು, ಅಷ್ಟೇ."

"ಹೂಂ," ಅಂದೆ.

ಸಂಘದ ಗ್ರೈಂಡರು ವರ್ಷದಿಂದ ಅವರ ಅಡುಗೆಮನೆಯಲ್ಲೇ ತಿರುಗುತ್ತಿತ್ತು. ಚುನಾವಣೆಯ ಸಭೆಯಲ್ಲಿ ಹೆಂಗಸರು ಅದನ್ನೇ ಎತ್ತಿದರು.

ಕಮಲಾಕ್ಷಮ್ಮ ನನ್ನತ್ತ ತಿರುಗಿ ಗುಡುಗಿದರು: "ಹಾಗಾದರೆ ನಾನೇನು ಕಳ್ಳಿಯಾ?"

"ಹೂಂ," ಅಂದೆ. ಸಭೆ ಗೊಳ್ಳೆಂದಿತು.

"ಏನೇ, ತಲೆ ಕೆಟ್ಟಿದೆಯಾ ನಿನಗೆ?"

"ಹೂಂ."

ಅವರು ಸಭೆಯತ್ತ ತಿರುಗಿದರು. "ಇಂಥವಳ ಕೈಗೆ ಸಂಘ ಕೊಡ್ತೀರೇನ್ರೇ?"

ಈ ಸಲ ನಾನು ಬಾಯಿ ಬಿಡಲಿಲ್ಲ. ಇಡೀ ಸಭೆಯೇ "ಹೂಂ" ಅಂದಿತು. ಅಲ್ಲೇ ಕೈಯೆತ್ತಿ ನನ್ನನ್ನು ಅಧ್ಯಕ್ಷೆ ಮಾಡಿದರು. ಗ್ರೈಂಡರು ಅಂದೇ ಸಂಘಕ್ಕೆ ಬಂತು.

ಅದರ ಹಿಂದೆಯೇ ಬಂದ ಕಮಲಾಕ್ಷಮ್ಮನನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ:

"ನನಗೆ ಉಪಾಧ್ಯಕ್ಷೆ ಆಗ್ತೀರಾ ಅಕ್ಕಾ?"