ಮೌನಾಚಾರಿ ಕದ ಉಜ್ಜಿದ್ದು

ನಮ್ಮ ಆಚಾರ್ರ ಬೀದೀಲಿ ಕಾಳಕ್ಕ ಅಂತ ಒಬ್ಬಳು. ಅವಳಿಗೊಬ್ಬನೇ ಮಗ, ಮೌನಾಚಾರಿ. ಆಳು ನೋಡಿದ್ರೆ ಕಂಬದಂಗೆ, ತಲೆ ನೋಡಿದ್ರೆ ಅದೂ ಕಂಬದಂಗೇ. ಹೇಳಿದ್ದನ್ನ ಮಾಡ್ತಾನೆ, ಇಲ್ಲ ಅನ್ನಂಗಿಲ್ಲ. ಹೇಳಿದ್ದನ್ನೇ ಮಾಡ್ತಾನೆ, ಅದೇ ಕಷ್ಟ.

ಕಾಳಕ್ಕನ ಗಂಡ ಸಾಯೋ ಮುಂಚೆ ದೇವದಾರು ಮರದಲ್ಲಿ ಮೂರು ಸಾಮಾನು ಮಾಡಿಟ್ಟಿದ್ದ. ಒಂದು ಪೆಟ್ಟಿಗೆ, ಒಂದು ಮಣೆ, ಒಂದು ದೇವರಮನೆ ಕದ. ವಾರ್ನಿಷ್ ಒಂದು ಬಾಕಿ. ಹೇಳಿ ಮಾಡಿಸಿದ್ದು ಊರಲ್ಲಿ ಹೊಸ ಮನೆ ಕಟ್ಟಿಸ್ತಿದ್ದ ಮುದ್ದವೀರಮ್ಮನೋರು.

"ಇವು ಚೆಂದಾಗಿ ಬಂದ್ರೆ ಹೊಸ ಮನೆ ಬಾಗಿಲೆಲ್ಲ ನಿಮಗೇ ಕಾಳಮ್ಮ. ಇಲ್ದಿದ್ರೆ ನಾನು ಪೇಟೇಲಿ ಮಿಷನ್ನಲ್ಲಿ ಬಾಗಿಲು ಮಾಡೋ ಅಂಗಡಿಗೆ ಹೋಗ್ತೀನಿ" ಅಂದಿದ್ರು.

ಹೋದ್ರೆ ಗಂಡನ ಅಂಗಡಿಗೆ ಬೀಗವೇ. ಕಾಳಕ್ಕಂಗೋ ಗೂರಲು, ವಾರ್ನಿಷ್ ವಾಸನೆಗೆ ಉಸಿರು ಕಟ್ಟುತ್ತೆ. ಇನ್ಯಾರು ಮಾಡಬೇಕು? ಮಗನೇ.

"ಲೋ, ಮೊದ್ಲು ಪೆಟ್ಟಿಗೆ ಧೂಳು ತೆಗಿ. ಒಂದು ಚೂರೂ ಉಳೀಬಾರ್ದು."

"ಆಗ್ಲವ್ವ."

ಕೆರೆಗೆ ಹೊತ್ಕೊಂಡು ಹೋದ, ಮುಳುಗಿಸಿದ, ತೆಂಗಿನ ನಾರಲ್ಲಿ ತಿಕ್ಕಿದ. ಪೆಟ್ಟಿಗೆ ನೀರು ಕುಡಿದು ಊದ್ಕೊಂತು. ಮುಚ್ಚಳ ತೆಗೆಯಕ್ಕೆ ಹೋದ್ರೆ ಬರ್ಲೇ ಇಲ್ಲ.

"ಚೂರೂ ಧೂಳಿಲ್ಲ ಕಣವ್ವ."

"ಧೂಳಿಲ್ಲ, ಪೆಟ್ಟಿಗೇನೂ ಇಲ್ಲ. ಮರಕ್ಕೆ ನೀರು ತಾಗಿಸ್ತಾರೇನೋ? ಮಣೆನಾದ್ರೂ ಒಣಬಟ್ಟೇಲಿ ಒರೆಸು. ವಾರ್ನಿಷ್ ತೆಳ್ಳಗೆ ಹಚ್ಚು. ಹಚ್ಚಿರೋದೇ ಯಾರ ಕಣ್ಣಿಗೂ ಬೀಳಬಾರ್ದು, ಮರ ಅಷ್ಟೇ ಕಾಣಬೇಕು."

"ಆಗ್ಲವ್ವ."

ಒಣಬಟ್ಟೇಲಿ ಒರೆಸಿದ. ತೆಳ್ಳಗೆ ಹಚ್ಚಿದ. ಸಂಜೆ ಕಾಳಕ್ಕ ಮಣೆ ಮೇಲೆ ಕೈ ಆಡಿಸಿದ್ಲು. ಬರೀ ಮರ.

"ಎಲ್ಲೋ ವಾರ್ನಿಷ್?"

"ಅಡೀಲಿ ಹಚ್ಚಿವ್ನಿ. ಯಾರ ಕಣ್ಣಿಗೂ ಬೀಳಲ್ಲ."

ಎತ್ತಕ್ಕೆ ಹೋದ್ಲು. ಹಸೀ ವಾರ್ನಿಷ್ ನೆಲಕ್ಕೆ ಕಚ್ಕೊಂಡಿತ್ತು. ಎಳೆದ್ರೆ ಸಗಣಿ ಸಾರಿಸಿದ ನೆಲವೂ ಹಪ್ಪಳದಂಗೆ ಜೊತೇಲೇ ಎದ್ದು ಬಂತು.

ಕಾಳಕ್ಕ ಅಲ್ಲೇ ಗೋಡೆಗೊರಗಿ ಕೂತ್ಲು.

"ಕದ ಒಂದು ಉಳಿದೈತೆ ಕಣಪ್ಪ. ನಾಳೆ ಅಮ್ಮೋರು ಬರ್ತಾರೆ. ಮೊದ್ಲು ಮರಳು ಅಂಟಿಸಿದ ಉಪ್ಪುಕಾಗದ ಹಿಡಿದು ಉಜ್ಜು, ಆಮೇಲೆ ವಾರ್ನಿಷ್ ಹಚ್ಚು. ಅದ್ರಲ್ಲಿ ನಿನ್ ಮುಖ ಕಾಣಬೇಕು. ಕಾಣೋವರ್ಗೂ ಬಿಡಬೇಡ."

"ಆಗ್ಲವ್ವ."

ಉಜ್ಜಿದ. ಮುಖ ಕಾಣ್ಲಿಲ್ಲ. ಇನ್ನೂ ಉಜ್ಜಿದ. ಕಾಣ್ಲಿಲ್ಲ. ದೇವದಾರು ಮೊದಲೇ ಮೆತ್ತನೆ ಮರ. ಹೊಟ್ಟು ಮೊಣಕಾಲುದ್ದ ಬಿತ್ತು. ಕಾಳಕ್ಕ ಒಳಗೆ ಮಲಗಿ ಸರಸರ ಸದ್ದು ಕೇಳ್ತಾ, ಇದೊಂದಾದ್ರೂ ನೆಟ್ಟಗಾಗ್ತೈತೆ ಅನ್ಕೊಂಡ್ಲು.

ಬೆಳಿಗ್ಗೆ ಮುದ್ದವೀರಮ್ಮನೋರು ಬಂದ್ರು. ಗೋಡೆಗೆ ಒರಗಿಸದೆ, ನಡುಮನೇಲಿ ನೆಟ್ಟಗೆ ನಿಲ್ಲಿಸಿದ್ದ ಕದ. ದೇವರಮನೇದಲ್ವಾ ಅಂತ ಹೊಸ್ತಿಲಲ್ಲೇ ಕಣ್ಣುಮುಚ್ಚಿ ಕೈಮುಗಿದ್ರು. ಕಣ್ಣು ಬಿಟ್ರೆ, ಕದದ ನಡುಮಧ್ಯ ಮೊರದಗಲ ತೂತು. ತೂತಿನ ತುಂಬ ಮೌನಾಚಾರಿ ಮುಖ, ರೆಪ್ಪೆ ಮೇಲೆಲ್ಲ ಹೊಟ್ಟು.

"ಕಾಣ್ತಾ ಅಮ್ಮೋರೆ?"

ಅಮ್ಮೋರು ಸೆರಗು ಹೊದ್ದು ಪೇಟೆ ದಾರಿ ಹಿಡಿದ್ರು.

ಕಾಳಕ್ಕ ಗೂಟದ ಮೇಲಿದ್ದ ಅಂಗಡಿ ಬೀಗ ತಗೊಂಡ್ಲು. ಅವನು ತೂತಿಂದ ಕತ್ತು ಹೊರಗೆ ಹಾಕಿ ಅಂದ:

"ಯಾಕವ್ವ ಹಂಗೋದ್ರು? ವಾರ್ನಿಷ್ ಹಚ್ಚೋಕೆ ಮುಂಚೇನೇ ಇಷ್ಟು ಚೆಂದಾಗಿ ಕಾಣ್ತೈತೆ, ಹಚ್ಚಿದ್ಮೇಲೆ ಬಂದು ನೋಡ್ಬಾರ್ದಾ?"