ಬೋಳುಗುಡ್ಡದ ಒಲೆ

"ಓಬನಾಯಕನ ಕಲ್ಲೇರಿಯನ್ನು ಒಂದೇ ಗಳಿಗೆಯಲ್ಲಿ ಬೂದಿ ಮಾಡಬಲ್ಲೆ" ಎಂದು ಬಾಳೂರಿನ ಪಾಳೆಯಗಾರ ಕೆಂಚನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

"ನಮ್ಮ ಬಾಳೂರು ಏನಾಗುತ್ತದೆ, ಮಹಾಸ್ವಾಮಿ?" ಎಂದು ಕೇಳಿದವನು ಬೊಪ್ಪಣ್ಣ. ಆಸ್ಥಾನದಲ್ಲಿ ಕೇಳಬಾರದ್ದನ್ನು ಕೇಳುವುದೇ ಅವನ ಉದ್ಯೋಗ.

"ಅದೂ ಬೂದಿಯಾಗುತ್ತದೆ. ಆದರೆ ಅವನದು ಮೊದಲು."

ಸಭೆ ಭಲೇ ಭಲೇ ಎಂದಿತು. ತಲೆದೂಗಿದವರಲ್ಲಿ ಒಬ್ಬನಿಗೂ ತನ್ನ ಮನೆ ಇರುವುದು ಬಾಳೂರಿನಲ್ಲೇ ಎಂಬುದು ನೆನಪಾಗಲಿಲ್ಲ.

ಈ ಶೌರ್ಯಕ್ಕೆಲ್ಲ ಕಾರಣ ಎರಡೂ ಊರುಗಳ ನಡುವಿನ ಬೋಳುಗುಡ್ಡ. ಅಲ್ಲಿ ಆಡು ಮೇಯುವಷ್ಟು ಹುಲ್ಲೂ ಇಲ್ಲ. ಆದರೂ ಅಜ್ಜಂದಿರ ಕಾಲದಿಂದ ಅದಕ್ಕಾಗಿ ಹೊಡೆದಾಟ. ಆಗೆಲ್ಲ ದೊಣ್ಣೆ, ಕವಣೆಕಲ್ಲು. ನಾಲ್ಕು ತಲೆ ಒಡೆದುಕೊಂಡು ಸಂಜೆಗೆ ಮನೆ ಸೇರುತ್ತಿದ್ದರು. ಆಮೇಲೆ ಪಡುಗಡಲಿನ ಸಾಮ್ರಾಟನ ರಾಯಭಾರಿ ಗಾಸ್ಪರ ಸಾಹೇಬ ಬಂದ. ಒಂದು ಹಂಡೆ ಸಿಡಿದರೆ ಎರಡು ಊರು ಉಳಿಯದಂಥ ಮದ್ದನ್ನು ಕೆಂಚನಾಯಕನಿಗೆ ಕೊಟ್ಟ. ಮರುವಾರ ಅದನ್ನೇ ಓಬನಾಯಕನಿಗೂ ಕೊಟ್ಟ. "ಶತ್ರುವಿನ ಕಣ್ಣಿಗೆ ಬೀಳುವಂತೆ ಗುಡ್ಡದ ಮೇಲೆಯೇ ಇಡಿ" ಎಂದು ಇಬ್ಬರಿಗೂ ಉಪದೇಶ ಮಾಡಿದ. ಇಬ್ಬರೂ ಹಾಗೇ ಇಟ್ಟರು. ಸ್ವಂತ ಬುದ್ಧಿ ಇದ್ದಿದ್ದರೆ ತಾನೆ ಬೇರೇನಾದರೂ ಮಾಡುವುದು.

"ಬೊಪ್ಪಣ್ಣ, ಎಂಟು ದಿನದಲ್ಲಿ ಓಬನಾಯಕ ಗುಡ್ಡ ಬಿಟ್ಟು ಹೋಗುವಂತೆ ಮಾಡು. ಇಲ್ಲದಿದ್ದರೆ ಒಂಬತ್ತನೆಯ ದಿನ ಮದ್ದಿಗೆ ಬೆಂಕಿ ಇಡುತ್ತೇನೆ" ಎಂದ ಕೆಂಚನಾಯಕ.

"ನನ್ನ ಮಗಳನ್ನು ಕಲ್ಲೇರಿಗೆ ಕೊಟ್ಟಿದ್ದೇನೆ, ಮಹಾಸ್ವಾಮಿ. ನೀಲವ್ವ ಈಗ ತುಂಬು ಬಸುರಿ."

"ಹೆರಿಗೆಗೆ ತವರಿಗೆ ಕರೆಸಿಕೊ."

"ಕರೆಸಿಕೊಂಡರೆ ಇಲ್ಲಿ ಸುಡುತ್ತಾಳೆ, ಬಿಟ್ಟರೆ ಅಲ್ಲಿ ಸುಡುತ್ತಾಳೆ. ಎಲ್ಲಿಗೆ ಕರೆಸಲಿ?"

ನಾಯಕ ತಾಂಬೂಲದ ತಟ್ಟೆಗೆ ಕೈ ಹಾಕಿದ. ಬೊಪ್ಪಣ್ಣನಿಗೆ ಭಯಕ್ಕಿಂತ ಹೇಸಿಗೆಯೇ ಹೆಚ್ಚಾಯಿತು.

ಅವನು ನೇರವಾಗಿ ಗಾಸ್ಪರ ಸಾಹೇಬನ ಬಿಡಾರಕ್ಕೆ ಹೋದ. "ಗಡಿಯ ನ್ಯಾಯ ನೀವೇ ಹೇಳಬೇಕು, ಸಾಹೇಬರೆ. ನಮ್ಮ ದೊರೆಗಳಿಗೆ ನಿಮ್ಮ ಮಾತೇ ವೇದವಾಕ್ಯ."

ಸಾಹೇಬ ಉಬ್ಬಿಹೋದ. "ನಮ್ಮ ಸಾಮ್ರಾಟರಿಗೂ ಶಾಂತಿಯೆಂದರೆ ಪ್ರಾಣ" ಎಂದ. ನಾಯಕರಿಬ್ಬರೂ ಒಪ್ಪಿದರು. ಸಾಹೇಬ ತನ್ನವನೇ ಎಂದು ಇಬ್ಬರೂ ನಂಬಿದ್ದರು.

ಆರನೆಯ ದಿನ ಬೆಳಿಗ್ಗೆ ಎಲ್ಲರೂ ಗುಡ್ಡದ ಮೇಲೆ ಸೇರಿದರು. ಈ ಕಡೆ ಇಪ್ಪತ್ತು ಹಂಡೆ, ಆ ಕಡೆ ಇಪ್ಪತ್ತು ಹಂಡೆ, ನಡುವೆ ಕುರ್ಚಿಯಲ್ಲಿ ಸಾಹೇಬ.

"ಈ ಮದ್ದು ಕೊಲ್ಲುವುದಕ್ಕಲ್ಲ, ಕಾಯುವುದಕ್ಕೆ" ಎಂದು ಅವನು ಶುರುಮಾಡಿದ. "ಇಬ್ಬರ ಬಳಿಯೂ ಇದ್ದರೆ ಇಬ್ಬರೂ ಹೆದರುತ್ತಾರೆ. ಹೆದರಿದವರು ಬೆಂಕಿ ಹಚ್ಚುವುದಿಲ್ಲ. ಇದರ ಪಕ್ಕದಲ್ಲಿ ಹಸುಗೂಸನ್ನೂ ಮಲಗಿಸಬಹುದು."

"ಆ ಮಾತು ಕೇಳಿ ಧೈರ್ಯ ಬಂತು" ಎನ್ನುತ್ತ ಬೊಪ್ಪಣ್ಣ ಗಡಿಕಲ್ಲಿನ ಪಕ್ಕ ಮೂರು ಕಲ್ಲು ಹೂಡಿ, ತಂದಿದ್ದ ಸೌದೆ, ಒಣಹುಲ್ಲು ಒಟ್ಟಿ, ಅನ್ನದ ಮಡಕೆ ಇಟ್ಟ. "ನಮ್ಮ ಸೀಮೆಯ ಕಟ್ಟಳೆ, ಸಾಹೇಬರೆ. ಗಡಿಯ ನ್ಯಾಯ ಹೇಳುವವನು ಗಡಿಯ ಮೇಲೆಯೇ ತನ್ನ ಕೈಯಾರೆ ಒಲೆ ಹಚ್ಚಿ, ಅನ್ನ ಮಾಡಿ, ಎರಡೂ ಕಡೆಯವರಿಗೆ ಬಡಿಸಬೇಕು. ಆಮೇಲೆ ತೀರ್ಪು."

"ಹೌದು, ಅದು ಹಿರಿಯರ ಕಟ್ಟಳೆ" ಎಂದರು ಇಬ್ಬರು ನಾಯಕರೂ. ಜೀವಮಾನದಲ್ಲಿ ಅವರು ಒಪ್ಪಿದ್ದು ಇದೊಂದೇ ಮಾತು.

ಬೊಪ್ಪಣ್ಣ ಚಕಮಕಿ ಕಲ್ಲನ್ನು ಸಾಹೇಬನ ಕೈಗಿಟ್ಟ. ಸಾಹೇಬನ ಮುಖ ಬಿಳಿಚಿಕೊಂಡಿತು.

"ಇಲ್ಲಿ ಬೇಡ. ಸ್ವಲ್ಪ ದೂರ ಹೋಗೋಣ."

"ಎಷ್ಟು ದೂರ? ಒಂದು ಹರಿದಾರಿ?"

"ಸಾಲದು."

"ಐದು?"

"ಹತ್ತು ಹರಿದಾರಿಯಾದರೂ ಬೇಕು" ಎಂದು ಸಾಹೇಬ ಬಾಯಿಬಿಟ್ಟ.

ಬೊಪ್ಪಣ್ಣ ನಾಯಕರ ಕಡೆ ತಿರುಗಿದ. "ನಮ್ಮ ಎರಡೂ ಸಂಸ್ಥಾನ ಸೇರಿದರೆ ಏಳು ಹರಿದಾರಿ."

ನಾಯಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಸಾಹೇಬ ಚಕಮಕಿಯನ್ನು ಕೆಳಗೆಸೆದು, ಹಡಗು ಕಾಯುತ್ತಿದೆ ಎಂದು ಗೊಣಗುತ್ತ, ಪಲ್ಲಕ್ಕಿಯವರನ್ನೂ ಕರೆಯದೆ ಗುಡ್ಡ ಇಳಿದು ಓಡಿದ.

"ಹೋಗಲಿ. ಕಟ್ಟಳೆ ತಪ್ಪಬಾರದು, ನಾನೇ ಹಚ್ಚುತ್ತೇನೆ" ಎಂದು ಬೊಪ್ಪಣ್ಣ ಒಲೆಯ ಮುಂದೆ ಕೂತು ಕಲ್ಲು ಕುಟ್ಟಿದ. ಕಿಡಿ ಹಾರಿತು.

"ನಿಲ್ಲಿಸೋ, ಹುಚ್ಚು ಹಿಡಿದಿದೆಯೇ ನಿನಗೆ?" ಎಂದ ಕೆಂಚನಾಯಕ.

"ಒಂಬತ್ತನೆಯ ದಿನ ನೀವು ಹಚ್ಚಿದರೆ ಶೌರ್ಯ, ಆರನೆಯ ದಿನ ನಾನು ಹಚ್ಚಿದರೆ ಹುಚ್ಚೇ, ಮಹಾಸ್ವಾಮಿ? ಹಂಡೆಗಳಿಗೆ ನೀರು ಸುರಿಸಿ. ಅನ್ನ ಅದರ ಪಾಡಿಗೆ ಬೇಯುತ್ತದೆ."

"ಓಬನಾಯಕ ಮೊದಲು ಸುರಿಯಲಿ."

"ಕೆಂಚನಾಯಕ ಮೊದಲು ಸುರಿಯಲಿ."

ಬೊಪ್ಪಣ್ಣ ಮತ್ತೆ ಕುಟ್ಟಿದ. ಕಣ್ಣ ಮುಂದೆ ನೀಲವ್ವ ನಿಂತಿದ್ದಳು. ಅವನಿಗೆ ನಿಜಕ್ಕೂ ಭಯವಾಗಿತ್ತು. ಆದರೂ ಕುಟ್ಟಿದ. ಕಿಡಿ ಒಣಹುಲ್ಲಿಗೆ ಬಿದ್ದು ಸಣ್ಣಗೆ ಹೊಗೆ ಎದ್ದಿತು.

ಅಡುಗೆಗೆಂದು ಅವನು ಅರವತ್ತು ಕೊಡ ನೀರು ಹೊರಿಸಿ ತಂದಿದ್ದ. ಒಂದು ಮಡಕೆ ಅನ್ನಕ್ಕೆ ಇಷ್ಟು ನೀರೇಕೆ ಎಂದು ಯಾರೂ ಕೇಳಿರಲಿಲ್ಲ. ಈಗ ಇಬ್ಬರು ನಾಯಕರೂ ಆಳುಗಳನ್ನು ತಳ್ಳಿಕೊಂಡು, ಪೇಟ ಬಿದ್ದದ್ದನ್ನೂ ಲೆಕ್ಕಿಸದೆ, ತಾವೇ ಕೊಡ ಎತ್ತಿ ಸುರಿದರು. ಆಳುಗಳೂ ಕೈ ಹಾಕಿದರು. ನಲವತ್ತು ಹಂಡೆಯ ಮದ್ದೂ ಕೆಸರಾದ ಮೇಲೆ ಬೊಪ್ಪಣ್ಣ ನೆಮ್ಮದಿಯಿಂದ ಒಲೆ ಊದಿದ.

ಮಧ್ಯಾಹ್ನ ಇಬ್ಬರೂ ಪಕ್ಕಪಕ್ಕದ ಎಲೆಗೆ ಕೂತರು. ಒದ್ದೆ ಪಂಚೆಯಲ್ಲಿ ಅವರ ಠೀವಿ ಅಷ್ಟಕ್ಕಷ್ಟೇ ಇತ್ತು. ಗುಡ್ಡದ ಮಾತನ್ನು ಯಾರೂ ಎತ್ತಲಿಲ್ಲ. ಆದರೆ ಕೆಂಚನಾಯಕನನ್ನು ಮಾತ್ರ ಒಂದು ಪ್ರಶ್ನೆ ಕೊರೆಯುತ್ತಿತ್ತು.

"ನಿಜ ಹೇಳು, ಬೊಪ್ಪಣ್ಣ. ಮೊದಲು ಹೆದರಿದ್ದು ಯಾರು, ನಾನೋ, ಓಬನಾಯಕನೋ?"

ಓಬನಾಯಕನೂ ಕೈಯಲ್ಲಿನ ತುತ್ತು ನಿಲ್ಲಿಸಿ ನೋಡಿದ.

ಬೊಪ್ಪಣ್ಣ ಇಬ್ಬರ ಎಲೆಗೂ ಸಾರು ಬಡಿಸಿದ.

"ಮದ್ದು ತಂದುಕೊಟ್ಟವನು, ಮಹಾಸ್ವಾಮಿ. ನಿಮ್ಮ ಮೂವರಲ್ಲಿ ಅದು ಏನೆಂದು ಗೊತ್ತಿದ್ದವನು ಅವನೊಬ್ಬನೇ."